ಹೆತ್ತವರಿಗೆ ಮಕ್ಕಳಿಂದ ಜೀವನಾಂಶ: ಎಸಿ ಕಚೇರಿಗೆ ಅರ್ಜಿ ಕೊಡುವುದರಿಂದ ಹಿಡಿದು ಹಣ ಕೈಸೇರುವವರೆಗೆ

"ಮಗ ನೋಡಿಕೊಳ್ತಿಲ್ಲ" ಅನ್ನುವ ಮಾತು ಅಪ್ಪ-ಅಮ್ಮನ ಬಾಯಿಂದ ಹೊರಗೆ ಬರಲು ವರ್ಷಗಳೇ ಬೇಕು. ಬಂದ ಮೇಲೂ "ಕೇಸು ಗೀಸು ಬೇಡಪ್ಪ, ಅವನಿಗೆ ಕೆಟ್ಟ ಹೆಸರು ಬರುತ್ತೆ" ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅಷ್ಟರಲ್ಲಿ ಮಾತ್ರೆ ಅರ್ಧಕ್ಕೆ ಇಳಿದಿರುತ್ತದೆ, ಕಿವಿಯ ಓಲೆ ಅಡವಿಗೆ ಹೋಗಿರುತ್ತದೆ. ನಮ್ಮ ಬೀದಿಯ ಒಬ್ಬ ಅಜ್ಜಿಯ ಜೊತೆ ಎರಡು ಮೂರು ಸಲ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಓಡಾಡಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಕಾನೂನು ಅಂಥ ಕಷ್ಟದ್ದಲ್ಲ, ವಕೀಲರಿಗೆ ದುಡ್ಡು ಸುರಿಯಬೇಕಾಗಿಯೂ ಇಲ್ಲ. ಆದರೆ ಏನು ಕೇಳಬೇಕು, ಎಷ್ಟು ಕೇಳಬೇಕು, ಯಾವ ತಾರೀಖಿನೊಳಗೆ ಕೇಳಬೇಕು ಅನ್ನುವುದನ್ನು ಯಾರೂ ಕೂತು ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಯ್ದೆಯ ಹೆಸರು ಉದ್ದ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಇದರ ಕೆಳಗೆ ಕರ್ನಾಟಕ 2009ರಲ್ಲಿ ತನ್ನದೇ ನಿಯಮಗಳನ್ನು ಮಾಡಿದೆ. ಯಾವ ಧರ್ಮದವರಿಗಾದರೂ ಇದು ಒಂದೇ.

ಯಾರು ಕೇಳಬಹುದು, ಯಾರನ್ನು ಕೇಳಬಹುದು

60 ವರ್ಷ ತುಂಬಿದ ಯಾರಾದರೂ ಹಿರಿಯ ನಾಗರಿಕರೇ. ಆದರೆ ತಂದೆ ಅಥವಾ ತಾಯಿಯಾಗಿ ಕೇಳುವವರಿಗೆ ವಯಸ್ಸಿನ ಮಿತಿಯೇ ಇಲ್ಲ. 52 ವರ್ಷದ ವಿಧವೆ ತಾಯಿಯೂ ದುಡಿಯುವ ಮಗನಿಂದ ಕೇಳಬಹುದು. ಹೆತ್ತವರು, ದತ್ತು ತೆಗೆದುಕೊಂಡವರು, ಮಲತಂದೆ, ಮಲತಾಯಿ ಎಲ್ಲರೂ ಇದರಲ್ಲಿ ಬರುತ್ತಾರೆ. ಇರಬೇಕಾದ ಷರತ್ತು ಒಂದೇ: ಸ್ವಂತ ದುಡಿಮೆಯಿಂದಾಗಲಿ, ಸ್ವಂತ ಆಸ್ತಿಯಿಂದಾಗಲಿ ಜೀವನ ನಡೆಸಲು ಆಗುತ್ತಿಲ್ಲ ಅನ್ನುವುದು. ವಾಸಕ್ಕೆ ಒಂದು ಹಳೆ ಮನೆ ಇದೆ ಅಂದ ಮಾತ್ರಕ್ಕೆ ಹಿಂಜರಿಯಬೇಡಿ. ಗೋಡೆ ಅನ್ನ ಹಾಕುವುದಿಲ್ಲ. ಆ ಆಸ್ತಿಯಿಂದ ಕೈಗೆ ಎಷ್ಟು ಬರುತ್ತದೆ, ಅಥವಾ ಏನೂ ಬರುವುದಿಲ್ಲ ಅನ್ನುವುದನ್ನು ನಿಜವಾಗಿ ಬರೆದರಾಯಿತು.

ಕೇಳುವುದು ಯಾರನ್ನು? ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಅಪ್ರಾಪ್ತ ವಯಸ್ಸಿನವರನ್ನು ಕೇಳುವಂತಿಲ್ಲ. ಮಗಳಿಗೆ ಮದುವೆಯಾಗಿದೆ ಎಂದು ಅವಳ ಹೊಣೆ ತೀರುವುದಿಲ್ಲ, ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ವ್ಯತ್ಯಾಸವಿಲ್ಲ. ಸೊಸೆ, ಅಳಿಯ ಈ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಸೊಸೆ ಮೇಲೆ ಎಷ್ಟೇ ಸಿಟ್ಟಿದ್ದರೂ ಅವಳ ಹೆಸರು ಹಾಕಿ ಜೀವನಾಂಶ ಕೇಳಿದರೆ ಅರ್ಜಿ ದುರ್ಬಲವಾಗುತ್ತದೆ ಅಷ್ಟೆ. ಮಕ್ಕಳೇ ಇಲ್ಲದ ಹಿರಿಯರು ಮಾತ್ರ ಸಂಬಂಧಿಕರನ್ನು ಕೇಳಬಹುದು. ಯಾರ ಕೈಯಲ್ಲಿ ನಿಮ್ಮ ಆಸ್ತಿ ಇದೆಯೋ, ಅಥವಾ ನಾಳೆ ಯಾರಿಗೆ ಅದು ವಾರಸಾಗಿ ಹೋಗುತ್ತದೋ ಅವರನ್ನು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. "ನನಗೇನು ಆಸ್ತಿ ಕೊಟ್ಟಿದ್ದಾರೆ, ನಾನ್ಯಾಕೆ ನೋಡಲಿ?" ಅನ್ನುವ ಮಕ್ಕಳ ವಾದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆಸ್ತಿಯ ಲೆಕ್ಕ ಇರುವುದು ಮಕ್ಕಳಿಲ್ಲದವರ ಸಂಬಂಧಿಕರಿಗೆ. ಮಕ್ಕಳ ಹೊಣೆಗೂ ಪಾಲಿಗೂ ಕಾಯ್ದೆ ಗಂಟು ಹಾಕಿಲ್ಲ.

ಎಲ್ಲಿಗೆ ಹೋಗಬೇಕು

ಪೊಲೀಸ್ ಠಾಣೆಗಲ್ಲ, ಸಿವಿಲ್ ಕೋರ್ಟಿಗೂ ಅಲ್ಲ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿ, ಅಂದರೆ ಜನ ಎಸಿ ಎಂದು ಕರೆಯುವ ಅಸಿಸ್ಟೆಂಟ್ ಕಮಿಷನರ್ ಅವರೇ ಇದರ ನ್ಯಾಯಮಂಡಳಿ. ಮೇಲ್ಮನವಿ ಹೋಗುವುದು ಡಿಸಿ ಬಳಿಗೆ. ನೀವು ಈಗ ಇರುವ ಜಿಲ್ಲೆ, ಕೊನೆಯದಾಗಿ ವಾಸವಿದ್ದ ಜಿಲ್ಲೆ, ಮಗನೋ ಮಗಳೋ ಇರುವ ಜಿಲ್ಲೆ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಓಡಾಡಲು ಸುಲಭವಾದದ್ದನ್ನೇ ಆರಿಸಿಕೊಳ್ಳಿ. ಮಗ ಬೆಂಗಳೂರಿನಲ್ಲಿದ್ದಾನೆಂದು ಸಿರಸಿಯ ತಾಯಿ ಬೆಂಗಳೂರಿಗೆ ಬಸ್ಸು ಹತ್ತಬೇಕಾಗಿಲ್ಲ.

ಮಗ ಅಮೆರಿಕದಲ್ಲಿದ್ದರೆ? ಭಾರತದ ಪ್ರಜೆ ಹೊರದೇಶದಲ್ಲಿದ್ದರೂ ಕಾಯ್ದೆ ಅನ್ವಯಿಸುತ್ತದೆ. ನೋಟಿಸು ತಲುಪಿಸಲು ಬೇರೆ ದಾರಿ ಇದೆ, ಸ್ವಲ್ಪ ತಡವಾಗುತ್ತದೆ.

ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲೂ ವಿಚಾರಿಸಬಹುದು.

ಕಾಗದ ಕೂಡಿಸುವುದು

ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ಆಧಾರ್ ಪ್ರತಿ, ವಯಸ್ಸಿಗೆ ದಾಖಲೆ, ಮಕ್ಕಳೊಂದಿಗಿನ ಸಂಬಂಧ ತೋರಿಸುವ ಏನಾದರೂ ಒಂದು (ರೇಷನ್ ಕಾರ್ಡ್, ವಂಶವೃಕ್ಷ, ಮಗನ ಶಾಲೆಯ ಟಿಸಿ, ಯಾವುದಾದರೂ ನಡೆಯುತ್ತದೆ), ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಬರುತ್ತಿದ್ದರೆ ಅದರ ವಿವರ. ಆಸ್ಪತ್ರೆ ಚೀಟಿಗಳು, ಔಷಧಿ ಅಂಗಡಿಯ ಬಿಲ್ಲುಗಳು. ಬಾಡಿಗೆ ಮನೆಯಾದರೆ ಕರಾರು ಪತ್ರ ಅಥವಾ ಮಾಲೀಕರ ಒಂದು ಚೀಟಿ.

ಮಕ್ಕಳ ಕಡೆಯದು ಕಷ್ಟ. ಅವರ ಸಂಬಳದ ಚೀಟಿ ನಿಮಗೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಎಲ್ಲಿ ಕೆಲಸ, ಯಾವ ಹುದ್ದೆ, ಮನೆ ಸ್ವಂತದ್ದಾ, ಕಾರು ಇದೆಯಾ, ಜಮೀನು ಎಷ್ಟು, ಇಷ್ಟು ಗೊತ್ತಿದ್ದಷ್ಟು ಬರೆಯಿರಿ. ದಾಖಲೆ ತರಿಸಿಕೊಳ್ಳುವ, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ ವಿಷಯದಲ್ಲಿ ಸಿವಿಲ್ ಕೋರ್ಟಿಗಿರುವ ಅಧಿಕಾರ ನ್ಯಾಯಮಂಡಳಿಗೂ ಇದೆ. "ಎದುರುದಾರರಿಂದ ಆದಾಯದ ದಾಖಲೆ ತರಿಸಬೇಕು" ಎಂದು ಅರ್ಜಿಯಲ್ಲೇ ಒಂದು ಸಾಲು ಸೇರಿಸಿ.

ಇನ್ನೊಂದು ಕೆಲಸ ಬಹಳ ಜನ ಮಾಡುವುದಿಲ್ಲ. ತಿಂಗಳ ಖರ್ಚಿನ ಪಟ್ಟಿ. ದಿನಸಿ, ಹಾಲು, ಗ್ಯಾಸ್, ಕರೆಂಟು, ಬಾಡಿಗೆ, ಮಾತ್ರೆ, ಆಸ್ಪತ್ರೆಗೆ ಹೋಗಿಬರುವ ಆಟೋ, ಕೆಲಸಕ್ಕೆ ಬರುವವರಿದ್ದರೆ ಅವರ ಸಂಬಳ. ಒಂದು ತಿಂಗಳು ನಿಜವಾಗಿ ಬರೆದಿಟ್ಟು ಕೂಡಿ. ಅಂದಾಜಿನಲ್ಲಿ ಹೇಳಿದ ದೊಡ್ಡ ಮೊತ್ತಕ್ಕಿಂತ ಬಿಲ್ಲು ಜೋಡಿಸಿದ ಸಣ್ಣ ಮೊತ್ತಕ್ಕೆ ಬೆಲೆ ಜಾಸ್ತಿ.

ಅರ್ಜಿ ಬರೆಯುವುದು

ಅಜ್ಜಿಯ ಮೊದಲ ಅರ್ಜಿ ನಾಲ್ಕು ಪುಟ ಇತ್ತು. ಗಂಡ ತೀರಿಕೊಂಡದ್ದು, ಕೂಲಿ ಮಾಡಿ ಮಗನನ್ನು ಓದಿಸಿದ್ದು, ಅವನ ಮದುವೆಗೆ ಸಾಲ ಮಾಡಿದ್ದು, ಸೊಸೆ ಆಡಿದ ಮಾತು, ಹಬ್ಬಕ್ಕೂ ಕರೆಯದ್ದು. ಒಂದೊಂದು ಸಾಲೂ ನಿಜ. ಬರೆದುಕೊಡುವಾಗ ನನ್ನ ಕಣ್ಣೂ ತುಂಬಿತ್ತು. ಆದರೆ ಎಷ್ಟು ಹಣ ಬೇಕು ಅನ್ನುವುದು ಆ ನಾಲ್ಕು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಒಂದೂವರೆ ಪುಟಕ್ಕೆ ಇಳಿಸಿ ಮತ್ತೆ ಬರೆದೆವು.

ಮೊದಲು ನಿಮ್ಮ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರ್. ನಂತರ ಮಕ್ಕಳೆಲ್ಲರ ಹೆಸರು, ವಿಳಾಸ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದು ಒಬ್ಬ ಮಗನ ಮೇಲೆ ಮಾತ್ರ ಅರ್ಜಿ ಹಾಕಬಹುದು, ತಪ್ಪಿಲ್ಲ. ಆದರೆ ಅವನು ಬಂದು "ನನ್ನ ತಮ್ಮನನ್ನೂ ಸೇರಿಸಿ" ಎಂದು ಕೇಳುವ ಹಕ್ಕು ಅವನಿಗಿದೆ, ಆಗ ಇನ್ನೊಂದು ನೋಟಿಸು, ಇನ್ನಷ್ಟು ದಿನ. ಶುರುವಿನಲ್ಲೇ ಎಲ್ಲರನ್ನೂ ಸೇರಿಸಿ, ಯಾರು ಈಗಾಗಲೇ ಎಷ್ಟು ಕೊಡುತ್ತಿದ್ದಾರೆ ಎಂದು ಬರೆಯುವುದು ನನಗೆ ಸರಿ ಕಾಣುತ್ತದೆ.

ನಡುವೆ ವಿಷಯ. ಹೀಗೆ:

"ನನಗೆ 71 ವರ್ಷ. ಸ್ವಂತ ದುಡಿಮೆ ಇಲ್ಲ. ವೃದ್ಧಾಪ್ಯ ವೇತನ ಬಿಟ್ಟು ಬೇರೆ ಆದಾಯವಿಲ್ಲ. ಸಕ್ಕರೆ ಕಾಯಿಲೆ ಮತ್ತು ಮಂಡಿನೋವಿಗೆ ಪ್ರತಿ ತಿಂಗಳು ಔಷಧಿ ಬೇಕು. ತಿಂಗಳ ಖರ್ಚಿನ ಪಟ್ಟಿ ಲಗತ್ತಿಸಿದ್ದೇನೆ. ಮೇಲ್ಕಂಡ ನನ್ನ ಮಗ ಕಳೆದ ಒಂದು ವರ್ಷದಿಂದ ಊಟ, ಔಷಧಿ, ವಸತಿಗೆ ಏನೂ ಕೊಡುತ್ತಿಲ್ಲ. ಅವನು ನೌಕರಿಯಲ್ಲಿದ್ದು ನೋಡಿಕೊಳ್ಳುವ ಶಕ್ತಿ ಅವನಿಗಿದೆ."

ಕೊನೆಯಲ್ಲಿ ಬೇಡಿಕೆ. ಇದನ್ನು ಬಿಡಿಬಿಡಿಯಾಗಿ ಬರೆಯಿರಿ. ತಿಂಗಳಿಗೆ ಇಷ್ಟು ರೂಪಾಯಿ ಜೀವನಾಂಶ, ಇಷ್ಟನೇ ತಾರೀಖಿನೊಳಗೆ, ಈ ಬ್ಯಾಂಕ್ ಖಾತೆಗೆ. ವಿಚಾರಣೆ ಮುಗಿಯುವವರೆಗೆ ಮಧ್ಯಂತರ ಜೀವನಾಂಶ. ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿದು ಕೊಡಿಸಬೇಕು ಎಂಬ ಕೋರಿಕೆ. ಈ ಕೊನೆಯದು ಮುಖ್ಯ. ನ್ಯಾಯಮಂಡಳಿ ಬೇರೆ ಹೇಳದಿದ್ದರೆ ಜೀವನಾಂಶ ಶುರುವಾಗುವುದು ಆದೇಶದ ದಿನದಿಂದ. ಅರ್ಜಿಯ ದಿನದಿಂದ ಕೊಡಿಸುವ ಅಧಿಕಾರ ಇದೆ, ಆದರೆ ಕೇಳದೆ ಸಿಗುವುದು ಅಪರೂಪ.

ಈ ಕಾಯ್ದೆಯಲ್ಲಿ ಜೀವನಾಂಶಕ್ಕೆ ಒಂದು ಮಿತಿ ಇದೆ, ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ. ಅಪ್ಪ, ಅಮ್ಮ ಇಬ್ಬರೂ ಇದ್ದರೆ ಇಬ್ಬರ ಅಗತ್ಯವನ್ನೂ ಬೇರೆ ಬೇರೆ ತೋರಿಸಿ ಕೇಳಿ.

ಅರ್ಜಿ ಮೂರು ಪ್ರತಿ ಮಾಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡೋಣ" ಅಂದರೆ ಅಲ್ಲೇ ನಿಂತು ಸ್ವೀಕೃತಿ ಕೇಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ನೋಟಿಸು, ಸಂಧಾನ, ವಿಚಾರಣೆ

ಮಕ್ಕಳಿಗೆ ನೋಟಿಸು ಹೋಗುತ್ತದೆ. ನೋಟಿಸು ತಲುಪಿದ ದಿನದಿಂದ 90 ದಿನಗಳೊಳಗೆ ತೀರ್ಮಾನ ಆಗಬೇಕು, ವಿಶೇಷ ಕಾರಣವಿದ್ದರೆ ಒಂದೇ ಒಂದು ಸಲ 30 ದಿನ ಮುಂದೆ ಹಾಕಬಹುದು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಎಸಿ ಅವರಿಗೆ ಜಮೀನಿನ ತಕರಾರು, ಚುನಾವಣೆ, ಪ್ರವಾಹ ಎಲ್ಲವೂ ಇರುತ್ತದೆ, ದಿನಾಂಕ ಮುಂದೆ ಹೋಗುವುದುಂಟು. ಅದಕ್ಕೇ ಮಧ್ಯಂತರ ಜೀವನಾಂಶವನ್ನು ಮೊದಲ ದಿನವೇ ಕೇಳಬೇಕು. 90 ದಿನ ದಾಟಿದರೆ ಆ ಅವಧಿಯನ್ನು ನೆನಪಿಸುವ ಸಣ್ಣ ಮನವಿ ಕೊಡಿ, ಬೇಕಿದ್ದರೆ ಪ್ರತಿಯನ್ನು ಡಿಸಿ ಅವರಿಗೂ.

ವಿಚಾರಣೆಗೆ ಮೊದಲು ವಿಷಯವನ್ನು ಸಂಧಾನ ಅಧಿಕಾರಿಗೆ ಒಪ್ಪಿಸಬಹುದು. ಅವರಿಗೆ ಒಂದು ತಿಂಗಳ ಕಾಲಾವಕಾಶ. ಹೆದರಬೇಡಿ, ಇದು ನಿಮ್ಮ ಅರ್ಜಿಯನ್ನು ತಳ್ಳಿಹಾಕುವ ಉಪಾಯವಲ್ಲ. ನನ್ನ ಪ್ರಕಾರ ಬಹಳ ಮನೆಗಳಿಗೆ ಇದೇ ಒಳ್ಳೆಯ ಜಾಗ, ಯಾಕೆಂದರೆ ವರ್ಷಗಳ ನಂತರ ತಾಯಿ-ಮಗ ಒಂದೇ ಮೇಜಿನ ಎದುರು ಕೂರುತ್ತಾರೆ. ಆದರೆ "ಇನ್ಮೇಲೆ ಚೆನ್ನಾಗಿ ನೋಡ್ಕೋತೀನಿ" ಅನ್ನುವ ಬಾಯಿಮಾತಿಗೆ ಅರ್ಜಿ ವಾಪಸ್ ತೆಗೆದುಕೊಳ್ಳಬೇಡಿ. ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ ಎಂದು ಬರೆಸಿ, ಆ ಒಪ್ಪಂದದ ಮೇಲೆಯೇ ಆದೇಶ ಮಾಡಿಸಿಕೊಳ್ಳಿ. ಅಜ್ಜಿ ಮೊದಲ ದಿನವೇ ಮಗನ ಮುಖ ನೋಡಿ ಕರಗಿ "ಬಿಡಿ ಸಾರ್" ಅಂದುಬಿಟ್ಟಿದ್ದರು. ಹಿಡಿದು ಕೂರಿಸಬೇಕಾಯಿತು.

ವಕೀಲರ ವಿಷಯ. ಕಾಯ್ದೆಯ 17ನೇ ಕಲಮು ಎರಡೂ ಕಡೆಯವರಿಗೆ ವಕೀಲರು ಬೇಡ ಅನ್ನುತ್ತದೆ. ಇದರ ಬಗ್ಗೆ ಹೈಕೋರ್ಟುಗಳಲ್ಲಿ ಪ್ರಶ್ನೆ ಎದ್ದಿದೆ, ಹಾಗಾಗಿ ಎದುರಿನವರು ವಕೀಲರನ್ನು ಕರೆತಂದರೆ ಗಾಬರಿಯಾಗಬೇಡಿ. ನಿಮ್ಮ ಪರವಾಗಿ ಮಾತಾಡಲು ಪೋಷಣಾ ಅಧಿಕಾರಿ ಬೇಕು ಎಂದು ಕೇಳುವ ಅವಕಾಶ ಅದೇ ಕಾಯ್ದೆಯಲ್ಲಿದೆ. ಉಚಿತ ಕಾನೂನು ನೆರವಿಗೆ 15100 ಇದೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಆ ನೆರವು ಸಿಗುತ್ತದೆ.

ಮಕ್ಕಳು ಬೇಕೆಂದೇ ನೋಟಿಸು ತೆಗೆದುಕೊಳ್ಳದಿದ್ದರೆ, ಬರದೇ ತಪ್ಪಿಸಿಕೊಂಡರೆ, ಅವರಿಲ್ಲದೆಯೇ ವಿಚಾರಣೆ ನಡೆಸಿ ಆದೇಶ ಮಾಡಬಹುದು.

ಆದೇಶ ಬಂದ ಮೇಲೆ: ಮೂರು ತಿಂಗಳ ಲೆಕ್ಕ ಮರೆಯಬೇಡಿ

ಆದೇಶದ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಆದೇಶವಾದ 30 ದಿನಗಳೊಳಗೆ ಮಕ್ಕಳು ಹಣ ಕಟ್ಟಬೇಕು.

ಕಟ್ಟದಿದ್ದರೆ? ಇಲ್ಲೇ ಬಹಳ ಹಿರಿಯರು ಸೋಲುತ್ತಾರೆ. "ಈ ತಿಂಗಳು ಇಲ್ಲ, ಮುಂದಿನ ತಿಂಗಳು ಹಾಕಬಹುದು" ಎಂದು ಕಾಯುತ್ತಾ ಆರು ತಿಂಗಳು ಕಳೆಯುತ್ತಾರೆ. ಬಾಕಿ ವಸೂಲಿಗೆ ನ್ಯಾಯಮಂಡಳಿ ವಾರಂಟ್ ಹೊರಡಿಸಬೇಕಾದರೆ, ಆ ಹಣ ಬರಬೇಕಿದ್ದ ದಿನದಿಂದ ಮೂರು ತಿಂಗಳೊಳಗೆ ನೀವು ಅರ್ಜಿ ಕೊಟ್ಟಿರಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ತಿಂಗಳು ತಪ್ಪಿದರೆ ಸಾಕು, ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಅರ್ಜಿ ಕೊಟ್ಟುಬಿಡಿ. ವಾರಂಟ್ ಆದ ಮೇಲೂ ಕೊಡದಿದ್ದರೆ ಒಂದು ತಿಂಗಳವರೆಗೆ, ಅಥವಾ ಹಣ ಕಟ್ಟುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಜೈಲಿಗೆ ಕಳಿಸಬಹುದು. ಬಾಕಿಗೆ ಬಡ್ಡಿ ಹಾಕುವುದಕ್ಕೂ ಅವಕಾಶವಿದೆ, ಶೇಕಡಾ 5ರಿಂದ 18ರವರೆಗೆ.

ಮೊತ್ತ ಕಡಿಮೆಯಾಯಿತು ಅನ್ನಿಸಿದರೆ 60 ದಿನಗಳೊಳಗೆ ಡಿಸಿ ಅವರಿಗೆ ಮೇಲ್ಮನವಿ. ಮುಂದೆ ಕಾಯಿಲೆ ಹೆಚ್ಚಾಗಿ ಖರ್ಚು ಬೆಳೆದರೆ ಮೊತ್ತ ಬದಲಿಸಿಕೊಡಿ ಎಂದೂ ಕೇಳಬಹುದು.

ಆಸ್ತಿ ಬರೆದುಕೊಟ್ಟವರು, ಬರೆದುಕೊಡಲು ಹೊರಟವರು

ಇದನ್ನು ನಿಧಾನವಾಗಿ ಓದಿ. ದಾನಪತ್ರ ಒಮ್ಮೆ ನೋಂದಣಿಯಾದರೆ ಮನಸ್ಸು ಬದಲಾಯಿತೆಂದು ಸುಮ್ನೆ ರದ್ದು ಮಾಡಲು ಬರುವುದಿಲ್ಲ. ಆದರೆ 2007ರ ಕಾಯ್ದೆಯ 23ನೇ ಕಲಮು ಒಂದು ಬಾಗಿಲು ತೆರೆದಿಟ್ಟಿದೆ. ಆಸ್ತಿ ಪಡೆದವರು ನಿಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿದ್ದು, ಅವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ಮೋಸದಿಂದ ಅಥವಾ ಒತ್ತಾಯದಿಂದ ಆದದ್ದು ಎಂದು ಪರಿಗಣಿಸಿ ನ್ಯಾಯಮಂಡಳಿ ಅದನ್ನು ಅಸಿಂಧು ಮಾಡಬಹುದು. ಪತ್ರ ಕಾಯ್ದೆ ಜಾರಿಗೆ ಬಂದ ನಂತರದ್ದಾಗಿರಬೇಕು.

ಎಲ್ಲ ಗಲಾಟೆ ಇರುವುದು ಆ "ಷರತ್ತು" ಎಂಬ ಪದದಲ್ಲಿ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಷರತ್ತು ಇತ್ತು ಎಂದು ತೋರಿಸದೆ ಈ ಕಲಮಿನಡಿ ರದ್ದು ಮಾಡಲಾಗದು ಎಂದಿತು. 2025ರ ಜನವರಿಯಲ್ಲಿ ಅದೇ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಈ ಕಾಯ್ದೆ ಹಿರಿಯರ ಒಳಿತಿಗಾಗಿ ಇರುವುದರಿಂದ ಉದಾರವಾಗಿ ಓದಬೇಕು ಎಂದು ಹೇಳಿ ತಾಯಿ ಮಗನಿಗೆ ಕೊಟ್ಟ ದಾನಪತ್ರವನ್ನು ರದ್ದು ಮಾಡಿತು. ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ಕಾಗದ ಬೇರೆ ಇತ್ತು.

ಹಾಗಾಗಿ ಇನ್ನೂ ಬರೆದುಕೊಡದಿದ್ದರೆ ದಾನಪತ್ರದಲ್ಲೇ ಹೀಗೆ ಬರೆಸಿ: "ದಾನ ಪಡೆದವರು ನನ್ನ ಜೀವಮಾನವಿಡೀ ನನ್ನ ಊಟ, ಬಟ್ಟೆ, ವಸತಿ, ವೈದ್ಯಕೀಯ ಖರ್ಚುಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿಗೆ ಒಳಪಟ್ಟು ಈ ದಾನ ಮಾಡಿರುತ್ತೇನೆ. ಇದಕ್ಕೆ ತಪ್ಪಿದಲ್ಲಿ ಈ ದಾನಪತ್ರವನ್ನು ರದ್ದುಪಡಿಸಿಕೊಳ್ಳಲು ನನಗೆ ಹಕ್ಕಿರುತ್ತದೆ." "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಅನ್ನುವ ಮಾಮೂಲಿ ಸಾಲೊಂದೇ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ಪತ್ರವನ್ನು ಪೂರ್ತಿ ಓದಿಸಿಕೊಳ್ಳಿ, ಆಸ್ತಿ ಪಡೆಯದ ಬೇರೆ ಯಾರಿಂದಲಾದರೂ.

ವಿಲ್ ಬರೆದಿದ್ದೀರಾ? ಹಾಗಿದ್ದರೆ ಚಿಂತೆ ಬೇಡ. ಬದುಕಿರುವವರೆಗೆ ಅದನ್ನು ಬದಲಿಸಬಹುದು, ಹರಿದು ಹಾಕಲೂಬಹುದು.

ಮಗ-ಸೊಸೆಯನ್ನು ಮನೆಯಿಂದ ಹೊರಗೆ ಕಳಿಸುವ ಪ್ರಶ್ನೆ ಬಂದರೆ ಮಾತ್ರ ಎಚ್ಚರ. ಬೆಂಗಳೂರಿನಿಂದ ಹೋದ ಒಂದು ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸೊಸೆಗೆ ಇರುವ ವಾಸದ ಹಕ್ಕನ್ನು ಹಿರಿಯರ ಕಾಯ್ದೆ ಹಿಡಿದು ಅಳಿಸಿಹಾಕುವಂತಿಲ್ಲ ಎಂದಿದೆ. ಮನೆ ಖಾಲಿ ಮಾಡಿಸುವ ಆದೇಶ ಅಸಾಧ್ಯವಲ್ಲ, ಆದರೆ ಕೇಳಿದ ತಕ್ಷಣ ಸಿಗುವುದೂ ಅಲ್ಲ. ಈ ಬೇಡಿಕೆ ಇದ್ದರೆ ಮೊದಲು ಕಾನೂನು ತಿಳಿದವರೊಂದಿಗೆ ಮಾತಾಡಿ.

ಹತ್ತು ಸಾವಿರ ಸಾಲದಿದ್ದರೆ

ಇನ್ನೊಂದು ದಾರಿ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಎಂದು ಕೇಳಿರುತ್ತೀರಿ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಇದರಲ್ಲಿ ಮೊತ್ತಕ್ಕೆ ಮಿತಿ ಇಲ್ಲ. ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಮುಂದೆ. ಹೊಸ ಸಂಹಿತೆಯಲ್ಲಿ ತಂದೆ-ತಾಯಿ ತಾವಿರುವ ಊರಲ್ಲೇ ಅರ್ಜಿ ಹಾಕಬಹುದು. ಬಾಕಿ ವಸೂಲಿಗೆ ಇಲ್ಲಿ ಒಂದು ವರ್ಷದ ಗಡುವು. ಮಗ ದೊಡ್ಡ ಸಂಬಳದವನಾಗಿದ್ದು, ನಿಮಗೆ ಡಯಾಲಿಸಿಸ್‌ನಂಥ ದೊಡ್ಡ ಖರ್ಚಿದ್ದರೆ ಇದೇ ವಾಸಿ. ಸ್ವಲ್ಪ ನಿಧಾನ, ವಕೀಲರು ಬೇಕಾಗಬಹುದು. ಆದರೆ ಎರಡೂ ಕಡೆ ಒಟ್ಟಿಗೆ ಜೀವನಾಂಶ ಕೇಳುವಂತಿಲ್ಲ, ಒಂದನ್ನೇ ಆರಿಸಬೇಕು.

ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೂ ವಯಸ್ಸಾದ ತಂದೆ-ತಾಯಿಯನ್ನು ಮಗ, ಮಗಳು ಸಾಕಬೇಕೆಂದಿದೆ.

ಇನ್ನು, ಆಸ್ಪತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಹಿರಿಯರನ್ನು ಬಿಟ್ಟುಹೋಗುವವರ ಮಾತು ಬೇರೆ. ಅದು 24ನೇ ಕಲಮಿನಡಿ ಅಪರಾಧ. ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಗ ಪೊಲೀಸರ ಬಳಿಗೇ ಹೋಗಬೇಕು.

ನೋಟಿಸು ಬಂದಿರುವ ಮಗ, ಮಗಳಿಗೆ

ದಿನಾಂಕಕ್ಕೆ ತಪ್ಪದೆ ಹೋಗಿ. ಸಂಬಳ, ಸಾಲದ ಕಂತು, ಮಕ್ಕಳ ಶಾಲೆ ಫೀಸು, ಎಲ್ಲದರ ದಾಖಲೆ ತೆಗೆದುಕೊಂಡು ಹೋಗಿ. ಕೊಡಲು ಆಗುವ ಮೊತ್ತವನ್ನು ನೀವೇ ಮೊದಲು ಹೇಳಿ. ಅಣ್ಣ-ತಂಗಿಯರೂ ಪಾಲು ಹೊರಬೇಕು ಅನ್ನಿಸಿದರೆ ಅವರನ್ನು ಸೇರಿಸಲು ಕೇಳಿ, ಅದು ನಿಮ್ಮ ಹಕ್ಕು. ಹಣವನ್ನು ಕೈಯಲ್ಲಿ ಕೊಡದೆ ಬ್ಯಾಂಕ್ ಮೂಲಕ ಕಳಿಸಿ, ನಾಳೆ ಕೊಟ್ಟೆ-ಕೊಟ್ಟಿಲ್ಲ ಎಂಬ ಮಾತು ಬರುವುದಿಲ್ಲ. ಮತ್ತೆ, ಹಣದ ಜೊತೆ ವಾರಕ್ಕೊಂದು ಫೋನೂ ಇರಲಿ. ಅಜ್ಜಿ ಪಾಸ್‌ಬುಕ್ಕಿಗಿಂತ ಜಾಸ್ತಿ ಕಾಯುತ್ತಿದ್ದದ್ದು ಅದಕ್ಕೆ.

ಹಾಸಿಗೆ ಹಿಡಿದವರ ಪರವಾಗಿ ಹೋಗುವವರಿಗೆ

ಹಿರಿಯರಿಗೆ ನಡೆದಾಡಲು ಆಗದಿದ್ದರೆ, ಅವರು ಅಧಿಕಾರ ಕೊಟ್ಟ ಯಾರಾದರೂ ಅಥವಾ ಒಂದು ಸಂಸ್ಥೆ ಅವರ ಪರವಾಗಿ ಅರ್ಜಿ ಹಾಕಬಹುದು. ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಲೂಬಹುದು. ಪಕ್ಕದ ಮನೆಯವರು, ಸೋದರಳಿಯ, ಸ್ನೇಹಿತ ಯಾರಾದರೂ ಸರಿ. "ನನ್ನ ಪರವಾಗಿ ಅರ್ಜಿ ಸಲ್ಲಿಸಲು ಮತ್ತು ಹಾಜರಾಗಲು ಇವರಿಗೆ ಅಧಿಕಾರ ಕೊಟ್ಟಿದ್ದೇನೆ" ಎಂದು ಒಂದು ಕಾಗದ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು, ಜೊತೆಗೆ ಕಾಯಿಲೆಯ ಬಗ್ಗೆ ವೈದ್ಯರ ಚೀಟಿ. ಹೆಬ್ಬೆಟ್ಟು ಒತ್ತಿಸುವ ಮೊದಲು ಅರ್ಜಿಯನ್ನು ಅವರಿಗೆ ಪೂರ್ತಿ ಓದಿ ಹೇಳಿ. ಯಾವ ಮಗನ ಹೆಸರಿದೆ, ಎಷ್ಟು ಕೇಳಿದ್ದೇವೆ ಎಂದು ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ವಿಚಾರಣೆಗೆ ಯಾರಾದರೂ ಮನೆಗೇ ಬಂದು ಕೇಳಿದರೆ, ಆ ಹಿರಿಯರು ಹೇಳಬೇಕಾದದ್ದೂ ಅಷ್ಟೇ.